ಗೆರೆ ಕಾಯುವ ಖಲೀಲನಿಗೆ ನಾಲ್ಕು ಸನ್ಮಾನ

ದಾವಣಗೆರೆಯ ವಿನೋಬನಗರದಲ್ಲಿ ಗಾದಿ ಹೊಲಿಯುವ ಖಲೀಲನ ಅಂಗಡಿ ಎಲ್ಲಿ ಎಂದು ಕೇಳಿದರೆ ಆಟೋದವರು ಕೂತಲ್ಲಿಂದಲೇ ಕೈಮಾಡಿ ತೋರಿಸುತ್ತಾರೆ. ಅಂತರರಾಷ್ಟ್ರೀಯ ಪಟ್ಟಿಗೇರಿದ ಲೈನ್ಸ್‌ಮನ್ ಖಲೀಲ ಎಲ್ಲಿ ಎಂದು ಕೇಳಿದರೆ ಮಾತ್ರ, ಅವನ ಗೋಡೆಗೆ ಗೋಡೆ ಹಚ್ಚಿಕೊಂಡು ಇರುವವರೂ, "ಕರೆಂಟ್ ಕಂಬ ಹತ್ತೋರೇನ್ರಿ? ಅವ್ರ ಮನೆ ಆಚೀ ಬೀದಿ" ಎನ್ನುತ್ತಾರೆ. ನಮ್ಮ ಊರಿಗೆ ಬೆಣ್ಣೆಯ ರುಚಿ ಗೊತ್ತು, ಅರಳೆಯ ತೂಕ ಗೊತ್ತು. ಮನುಷ್ಯರನ್ನು ತೂಗುವ ತಕ್ಕಡಿ ಮಾತ್ರ ಮೊದಲಿನಿಂದಲೂ ಸ್ವಲ್ಪ ವಾಲಿಕೊಂಡಿದೆ.

ಖಲೀಲ ಹುಟ್ಟಿದ್ದು ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಲ್ಲಿ. ಅಪ್ಪ ಬಿಲ್ಲು ಹೆಗಲಿಗೇರಿಸಿಕೊಂಡು ಮನೆಮನೆಗೆ ಹೋಗಿ ಹಳೇ ಗಾದಿಯ ಅರಳೆ ಹಿಂಜಿಕೊಡುತ್ತಿದ್ದ. ಬೇಸಿಗೆಯಲ್ಲಿ ತುಂಗಭದ್ರೆ ಬಡವಾದಾಗ ಹರಿಹರದ ಸೇತುವೆಯ ಕೆಳಗೆ ಮರಳು ಎದೆ ತೆರೆದು ಮಲಗುತ್ತಿತ್ತು. ಲಾರಿಗಳು ಇನ್ನೂ ಹೊಳೆಯನ್ನು ಬಾಚಿ ಒಯ್ದಿರದ ಕಾಲ ಅದು. ಅಲ್ಲಿ ಹುಡುಗರು ಎರಡು ಗಳ ನೆಟ್ಟು, ಹರಿದ ಮೀನಿನ ಬಲೆ ಕಟ್ಟಿ, ಹಗ್ಗ ಹಾಸಿ ಗೆರೆ ಮಾಡಿಕೊಂಡು ವಾಲಿಬಾಲ್ ಆಡುತ್ತಿದ್ದರು. ಕಡಲ ದಂಡೆಯ ದೇಶಗಳಲ್ಲಿ ಇದಕ್ಕೆ ಬೀಚ್ ವಾಲಿಬಾಲ್ ಎನ್ನುತ್ತಾರೆ, ಒಂದೊಂದು ಕಡೆಗೆ ಇಬ್ಬಿಬ್ಬರೇ ಆಡುತ್ತಾರೆ, ಅದಕ್ಕೂ ಒಲಿಂಪಿಕ್ಸ್ ಪದಕ ಇದೆ ಎಂಬುದೆಲ್ಲ ನಮಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಮರಳು ಮುಗಿದಿತ್ತು.

ಖಲೀಲ ಕುಳ್ಳ. ಎಗರಿದರೂ ಬಲೆಯ ಕೆಳಗಿನ ದಾರ ಅವನ ಕೈಗೆ ಸಿಗುತ್ತಿರಲಿಲ್ಲ. ಆಟ ಬಾರದವನನ್ನು ಮೂಲೆಗೆ ನಿಲ್ಲಿಸಿ, ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳು ಎನ್ನುವುದು ಎಲ್ಲ ಊರಿನ ಪದ್ಧತಿ. ಬೇರೆಯವನಾಗಿದ್ದರೆ ಎರಡು ದಿನ ನಿಂತು ಮೂರನೆಯ ದಿನ ಈಜಲು ಹೋಗುತ್ತಿದ್ದ. ಖಲೀಲ ಆ ಮೂಲೆಯಲ್ಲೇ ಬೇರು ಬಿಟ್ಟ. ಅವನ ಕಣ್ಣು ಅಂಥದ್ದು. ಇವತ್ತಿಗೂ ಮಂಚ ನೋಡಿದ ಕೂಡಲೇ, ಕಾಲಿನ ಕಡೆ ಎರಡು ಬೆರಳು ಸೊಟ್ಟ ಇದೆ ಎಂದು ಹೇಳುತ್ತಾನೆ. ಟೇಪು ಹಿಡಿದು ನೋಡಿದ ಬಡಗಿ ತಲೆ ಕೆರೆದುಕೊಳ್ಳುತ್ತಾನೆ.

ಹರಿಹರದಲ್ಲಿ ಕಬ್ಬಿಣದ ಅಂಗಡಿಯ ಪರಮೇಶ್ವರಪ್ಪ ವರ್ಷಕ್ಕೊಮ್ಮೆ ತನ್ನ ಅಪ್ಪನ ಹೆಸರಿನ ಕಪ್ಪು ಇಟ್ಟು ಪಂದ್ಯ ನಡೆಸುತ್ತಿದ್ದ. ಆ ಕಪ್ಪನ್ನು ತನ್ನ ಮಗನ ತಂಡವೇ ಗೆಲ್ಲಬೇಕು ಎಂಬುದು ಅವನ ಪಿತೃಭಕ್ತಿ. ಒಂದು ಸಲ ಕೊನೆಯ ಅಂಕದಲ್ಲಿ ಮಗ ಹೊಡೆದ ಚೆಂಡು ಹಗ್ಗದಾಚೆ ಒಂದು ಗೇಣು ದೂರ ಬಿತ್ತು. ಖಲೀಲ ಹೊರಗೆ ಎಂದು ಬಾವುಟ ಮೇಲೆತ್ತಿದ. ಮರಳಿನ ಆಟದಲ್ಲಿ ಒಂದು ಅನುಕೂಲವಿದೆ: ಚೆಂಡು ಬಿದ್ದ ಜಾಗದಲ್ಲಿ ಗುಳಿ ಉಳಿಯುತ್ತದೆ. ಪರಮೇಶ್ವರಪ್ಪ ಕುರ್ಚಿ ಬಿಟ್ಟು ಅಂಗಳಕ್ಕೇ ಇಳಿದು, ಕೂಗಾಡುತ್ತಾ ಬಂದು, ಆ ಗುಳಿಯ ಮೇಲೆ ತನ್ನ ಮೆಟ್ಟು ಆಡಿಸಿ ಸಪಾಟು ಮಾಡಿದ. ಖಲೀಲ ಬಾವುಟ ಇಳಿಸಲಿಲ್ಲ.

"ಗುರುತು ಅಳಿಸಿದ್ರೆ ಚೆಂಡು ಒಳಗೆ ಬರಲ್ಲ ಸಾವ್ಕಾರ್ರೆ" ಎಂದ.

ಆಮೇಲೆ ಹನ್ನೊಂದು ವರ್ಷ ಹರಿಹರದವರು ಅವನನ್ನು ಪಂದ್ಯಕ್ಕೆ ಕರೆಯಲಿಲ್ಲ. ಗಾದಿಗೆ ಕರೆಯುತ್ತಿದ್ದರು. ಬೆನ್ನಿಗೆ ಪಕ್ಷಪಾತ ಗೊತ್ತಿಲ್ಲವಲ್ಲ.

ಹರಿಹರದ ಬಾಗಿಲು ಮುಚ್ಚಿದ್ದೇ ಅವನಿಗೆ ಒಳ್ಳೆಯದಾಯಿತು. ಜಿಲ್ಲೆ, ರಾಜ್ಯ ಎಂದು ಒಂದೊಂದೇ ಪರೀಕ್ಷೆ ಕಟ್ಟಿದ. ಗಾದಿಯ ದಬ್ಬಣ ಹಿಡಿದ ಕೈಯಲ್ಲೇ ನಿಯಮದ ಪುಸ್ತಕ ಹಿಡಿದು, ಇಂಗ್ಲಿಷ್ ಸಾಲುಗಳನ್ನು ಮಗಳು ಸಾಯಿಮಾಳಿಂದ ಓದಿಸಿಕೊಂಡು ಬಾಯಿಪಾಠ ಮಾಡಿದ. ಚೆನ್ನೈಯ ಶಿಬಿರದಲ್ಲಿ ಪರೀಕ್ಷಕರು ಇಂಗ್ಲಿಷಿನಲ್ಲಿ ಏನೇನೋ ಕೇಳಿದರಂತೆ. ಇವನು ಎದ್ದುನಿಂತು ಬಾವುಟದಲ್ಲೇ ಉತ್ತರ ಹೇಳಿದ. ಎರಡು ಸಾವಿರದ ಹತ್ತೊಂಬತ್ತರ ಕೊನೆಯಲ್ಲಿ ಏಷ್ಯಾ ಮಟ್ಟದ ಬೀಚ್ ವಾಲಿಬಾಲ್ ಪಂದ್ಯಗಳಿಗೆ ಕಳಿಸಬಹುದಾದ ಗೆರೆ ಕಾಯುವವರ ಪಟ್ಟಿಯಲ್ಲಿ ಅವನ ಹೆಸರು ಬಂತು. ನಲವತ್ತು ವರ್ಷ ಬಿಸಿಲಿನಲ್ಲಿ ನಿಂತದ್ದಕ್ಕೆ ಒಂದು ಸಾಲು.

ಪಟ್ಟಿಗೆ ಒಂದು ಷರತ್ತಿತ್ತು. ಐವತ್ತೈದು ತುಂಬಿದವನ ಕೈಗೆ ಬಾವುಟ ಕೊಡುವಂತಿಲ್ಲ. ಖಲೀಲನ ಶಾಲೆಯ ದಾಖಲೆಯ ಪ್ರಕಾರ ಎರಡು ಸಾವಿರದ ಇಪ್ಪತ್ತೆರಡರ ಜೂನ್ ಒಂದಕ್ಕೆ ಅವನಿಗೆ ಐವತ್ತೈದು. ಹೆಡ್‌ಮಾಸ್ತರರು ಅವನ ತರಗತಿಯ ಎಲ್ಲರನ್ನೂ ಜೂನ್ ಒಂದರಂದೇ ಹುಟ್ಟಿಸಿದ್ದರು. ನಿಜವಾಗಿ ಅವನು ಹುಟ್ಟಿದ್ದು ಅವರೆಕಾಯಿ ಕಾಲದಲ್ಲಿ ಎಂದು ಅವನ ತಾಯಿ ಹೇಳುತ್ತಿದ್ದಳು. ಅವರೆಕಾಯಿಯನ್ನು ಯಾವ ಕಚೇರಿ ನಂಬುತ್ತದೆ? ಅಂತೂ ಕೈಯಲ್ಲಿ ಎರಡೂವರೆ ವರ್ಷ ಇತ್ತು. ಒಂದೇ ಒಂದು ಸಲ ಕಡಲ ದಂಡೆಯ ಅಂತರರಾಷ್ಟ್ರೀಯ ಅಂಗಳದ ಮೂಲೆಯಲ್ಲಿ ನಿಂತರೆ ಸಾಕು ಎಂಬುದು ಅವನ ಆಸೆ.

ಮೊದಲ ಕರೆ ಬಂದದ್ದು ಇಪ್ಪತ್ತರ ಮಾರ್ಚಿಗೆ. ಆ ಮಾರ್ಚಿನಲ್ಲಿ ಏನಾಯಿತೆಂದು ಹೇಳಬೇಕಾಗಿಲ್ಲ. ಪಂದ್ಯ ರದ್ದು. ದೇಶ ತಟ್ಟೆ ಬಡಿಯಿತು, ಖಲೀಲ ಹೊಸ ಸೂಟ್‌ಕೇಸನ್ನು ಅಟ್ಟಕ್ಕೆ ಹಾಕಿದ. ಇಪ್ಪತ್ತೊಂದರ ಮೇ ತಿಂಗಳಿಗೆ ಎರಡನೆಯ ಕರೆ ಬಂತು. ಸೂಟ್‌ಕೇಸು ಇಳಿಸುವ ಹೊತ್ತಿಗೆ ಎರಡನೇ ಅಲೆ ಎದ್ದು, ಭಾರತದಿಂದ ಹಾರಿ ಬರುವ ನೊಣವನ್ನೂ ಒಳಗೆ ಬಿಡುವುದಿಲ್ಲವೆಂದು ದೇಶದ ಮೇಲೆ ದೇಶ ಬಾಗಿಲು ಹಾಕಿದವು. ಸೆಪ್ಟೆಂಬರಿನಲ್ಲಿ ಮೂರನೆಯ ಕರೆ. ಆಗ ಬಾಗಿಲು ತೆರೆದಿತ್ತು. ಆದರೆ ಖಲೀಲ ಹಾಕಿಸಿಕೊಂಡ ಲಸಿಕೆ ಆ ದೇಶದವರ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಬೀದಿಗೆ ವ್ಯಾನು ಬಂದಾಗ ಯಾವ ಸೂಜಿ ಎಂದು ಕೇಳಿ ಚುಚ್ಚಿಸಿಕೊಂಡವರು ಯಾರೂ ಇರಲಿಲ್ಲ; ವ್ಯಾನು ಹೋಗಿಬಿಡುತ್ತದಲ್ಲಾ ಎಂಬುದೇ ಎಲ್ಲರ ಚಿಂತೆಯಾಗಿತ್ತು.

ದೊಡ್ಡ ದೇಶದವರ ಪಾಡೂ ಅಷ್ಟರಲ್ಲೇ ಇತ್ತು. ಅಧಿಕಾರಿಗಳ ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನು ಸಾಯಿಮಾ ಓದಿ ಹೇಳುತ್ತಿದ್ದಳು. ಇಬ್ಬರದೇ ತಂಡದಲ್ಲಿ ಒಬ್ಬ ಒಂದು ದೇಶದ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದಿದ್ದರೆ ಇನ್ನೊಬ್ಬ ಪಂದ್ಯದ ಊರಿನ ಹೋಟೆಲಿನಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದ. ಒಂಟೆತ್ತಿನ ಬೇಸಾಯ. ಹಗಲಿಡೀ ಮರಳಿನಲ್ಲಿ ಹಾರುವವರನ್ನು ಏಳೆಂಟು ದಿನ ರತ್ನಗಂಬಳಿಯ ಕೋಣೆಯಲ್ಲಿ ಕೂಡಿಹಾಕಿ, ಒಂಬತ್ತನೆಯ ದಿನ ಬಿಸಿಲಿಗೆ ಬಿಟ್ಟು ಆಡಿ ಎನ್ನುತ್ತಿದ್ದರಂತೆ. ಕೆಲವರು ಮಂಚದ ಪಕ್ಕದಲ್ಲೇ ಹಾರಿ ಅಭ್ಯಾಸ ಮಾಡಿ ಕೆಳಗಿನ ಕೋಣೆಯವರಿಂದ ಬೈಸಿಕೊಂಡರಂತೆ. ರೋಗಕ್ಕೆ ಗಡಿ ಇಲ್ಲ ಎಂದು ಎಲ್ಲ ದೇಶಗಳೂ ಭಾಷಣ ಮಾಡಿ, ಇದ್ದ ಗಡಿಗೆ ಇನ್ನೂ ಎರಡು ಸುತ್ತು ಮುಳ್ಳುತಂತಿ ಸುತ್ತಿದವು.

ನಾಲ್ಕನೆಯ ಕರೆ ಬಂತು. ಇಪ್ಪತ್ತೆರಡರ ಜನವರಿ, ಥಾಯ್ಲೆಂಡಿನ ಒಂದು ಕಡಲೂರು. ಜೂನ್ ಒಂದು ಕಣ್ಣಿಗೆ ಕಾಣುವಷ್ಟು ಹತ್ತಿರ ಇತ್ತು. ಲಸಿಕೆಯ ಪಟ್ಟಿ ಅಷ್ಟರಲ್ಲಿ ಉದ್ದವಾಗಿ ಇವನ ಸೂಜಿಯೂ ಅದರಲ್ಲಿ ಸೇರಿತ್ತು. ಆದರೆ ಮೂರನೇ ಅಲೆ ಶುರುವಾಗಿತ್ತು. ಅದಕ್ಕೇ ಸಂಘಟಕರು ಒಂದು ಮುಚ್ಚಳಿಕೆ ಕಳಿಸಿದ್ದರು: ಹೊರಡುವ ಮುಂಚಿನ ಹತ್ತು ದಿನ ಮನೆಯೊಳಗೇ ಇರತಕ್ಕದ್ದು, ಗುಂಪಿಗೆ ಹೋಗತಕ್ಕದ್ದಲ್ಲ, ವಿಮಾನಕ್ಕೆ ಮೂರು ದಿನ ಇರುವಾಗ ಮೂಗಿಗೆ ಕಡ್ಡಿ ಹಾಕಿಸಿ ಪರೀಕ್ಷೆ ಮಾಡಿಸತಕ್ಕದ್ದು. ಖಲೀಲ ಸಹಿ ಹಾಕಿದ.

ಅವನ ಹೆಂಡತಿ ಮುಮ್ತಾಜ್ ಆ ಸಹಿಯನ್ನು ಅವನಿಗಿಂತ ಗಟ್ಟಿಯಾಗಿ ಹಿಡಿದುಕೊಂಡಳು. ಅಂಗಡಿಯ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿ, ಗಿರಾಕಿಗಳೊಡನೆ ತಾನೇ ಮಾತಾಡಿದಳು. ಖಲೀಲ ಮೇಲಿನ ಕೋಣೆಯಲ್ಲಿ ಅರಳೆಯ ಮೂಟೆಗಳ ನಡುವೆ ಕೂತು ಗಾದಿ ಹೊಲಿದ. ಐದು ದಿನ ಕಳೆದವು. ಇನ್ನು ಐದು ದಿನ ಊರು ಅವನನ್ನು ಮರೆತಿದ್ದರೆ ಸಾಕಾಗಿತ್ತು. ಮರೆಯುವುದರಲ್ಲಿ ನಮ್ಮ ಊರು ಯಾರಿಗೂ ಕಡಿಮೆಯಿಲ್ಲ. ನಲವತ್ತು ವರ್ಷ ಮರೆತಿತ್ತು. ಆ ವಾರವೇ ಅದಕ್ಕೆ ನೆನಪು ಬಂತು.

ನೆನಪು ತಂದದ್ದು ಯಾವುದೋ ಪತ್ರಿಕೆಯ ಒಳಪುಟದ ನಾಲ್ಕು ಸಾಲು. ಬಟ್ಟೆ ವ್ಯಾಪಾರಿ ವಾಮದೇವಪ್ಪ ಅದನ್ನು ಓದಿದ. ಅವನು ಕ್ರೀಡಾಭಿಮಾನಿ ಬಳಗ ಎಂಬುದರ ಅಧ್ಯಕ್ಷ. ಯಾವ ಕ್ರೀಡೆ ಎಂದು ಅವನು ಗೊತ್ತುಮಾಡಿಕೊಂಡಿರಲಿಲ್ಲ. ಅಭಿಮಾನ ಒಂದಿದ್ದರೆ ಆಯಿತು. ನಮ್ಮ ಕಡೆ ಯಾರಾದರೂ ಪರದೇಶಕ್ಕೆ ಹೊರಟರೆಂದರೆ ಬೀಳ್ಕೊಡುಗೆಯ ಸನ್ಮಾನ ಆಗಲೇಬೇಕು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಕೊನೆಗೆ ಕ್ಯಾಮೆರಾ ಕಡೆ ಮುಖ ಮಾಡಿ ಒಬ್ಬರ ಬಾಯಿಗೊಬ್ಬರು ಪೇಡೆ ಇಡುವುದು. ಬೇಡ ಎಂದರೆ ಜಂಬ ಎನ್ನುತ್ತಾರೆ. ಸಭೆ ಸಮಾರಂಭ ಕೂಡದೆಂದು ಸರ್ಕಾರ ಆಗ ಹೇಳಿತ್ತು, ನಿಜ. ಆದರೆ ಸನ್ಮಾನವನ್ನು ಸಮಾರಂಭವೆಂದು ನಮ್ಮಲ್ಲಿ ಯಾರೂ ತಿಳಿದಿಲ್ಲ. ಅದು ಉಸಿರಾಟದಂತೆ.

ವಾಮದೇವಪ್ಪ ಎಂಟು ಜನರನ್ನು ಕಟ್ಟಿಕೊಂಡು ಖಲೀಲನ ಬಾಗಿಲಿಗೆ ಬಂದ. ಮುಮ್ತಾಜ್ ಹಗ್ಗದ ಒಳಗೆ ನಿಂತಳು.

"ಹತ್ತು ದಿನ ಮುಗೀಲಿ ಅಣ್ಣಾರೆ. ಹೋಗಿ ಬಂದ ಮ್ಯಾಲೆ ಆನೆ ಮ್ಯಾಲೆ ಕೂರಿಸಿ ಮೆರವಣಿಗೆ ಮಾಡ್ರಿ. ಈಗ ಬ್ಯಾಡ."

"ಹೋಗಿ ಬಂದ ಮ್ಯಾಲೆ ಯಾರಾದ್ರೂ ಮಾಡ್ತಾರೆ ತಂಗಿ" ಎಂದ ವಾಮದೇವಪ್ಪ. "ಹೋಗೋಕ್ ಮುಂಚೆ ಮಾಡ್ದೋನೇ ಅಭಿಮಾನಿ. ಐದು ನಿಮಿಷ. ನಮ್ಮ ಅಂಗಡಿ ಮ್ಯಾಲಿನ ಹಾಲು. ಗಾಳಿ ಬೆಳಕು ಚೆನ್ನಾಗೈತೆ."

ಮಾತು ಹೀಗೆ ಹಗ್ಗದ ಆಚೆ ಈಚೆ ಜಗ್ಗಾಡುತ್ತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಖಲೀಲ ಇಳಿದು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮುಮ್ತಾಜ್ ಅವನ ಅಂಗಿ ನೋಡಿದಳು, ಮುಖ ನೋಡಿದಳು, ಹಗ್ಗ ಬಿಚ್ಚಿ ಕೆಳಗೆ ಹಾಕಿದಳು. ಊರವರ ಚೆಂಡು ಎಲ್ಲಿ ಬಿತ್ತೆಂದು ನಲವತ್ತು ವರ್ಷ ತಪ್ಪದೆ ಹೇಳಿದವನು, ತನ್ನ ಕಾಲು ಎಲ್ಲಿಗೆ ಬೀಳುತ್ತಿದೆ ಎಂದು ಅವತ್ತು ನೋಡಲಿಲ್ಲ. ನಾನು ಅವನನ್ನು ಬೈಯಲಾರೆ. ಇಷ್ಟು ವರ್ಷ ಯಾವ ಪಂದ್ಯದಲ್ಲೂ ಯಾರೂ ಅವನಿಗೆ ಒಂದು ಕುರ್ಚಿ ಕೊಟ್ಟಿರಲಿಲ್ಲ. ವಾಮದೇವಪ್ಪನ ಹಾಲಿನಲ್ಲಿ ಸಿಂಹಾಸನದಂಥ ಕುರ್ಚಿ ಇಟ್ಟಿದ್ದರು.

ಆ ಐದು ನಿಮಿಷ ಎರಡೂವರೆ ತಾಸು ನಡೆಯಿತು. ಹಾಲಿನ ಕಿಟಕಿಗಳಿಗೆ ಬ್ಯಾನರು ಕಟ್ಟಿದ್ದರಿಂದ ಗಾಳಿ ಬೆಳಕು ಎರಡೂ ಹೊರಗೇ ಉಳಿದವು. ಬ್ಯಾನರಿನಲ್ಲಿ ವಾಮದೇವಪ್ಪನ ಭಾವಚಿತ್ರ ಬಾಗಿಲಿನಷ್ಟಿತ್ತು, ಖಲೀಲನದು ಬೀಗದಷ್ಟು. ಕೈಯಲ್ಲಿ ಕಾಗದವಿಲ್ಲದೆ ಅರ್ಧ ತಾಸು ಮಾತಾಡಬಲ್ಲವನು ನಾನೊಬ್ಬನೇ ಆದ್ದರಿಂದ ನನ್ನನ್ನೂ ಕರೆದಿದ್ದರು. ಮುಕ್ಕಾಲು ತಾಸು ಮಾತಾಡಿದೆ. ಶಾಲು ಒಂದೇ ಇತ್ತು. ಅದನ್ನು ಮೊದಲು ಖಲೀಲನಿಗೆ ಹೊದಿಸಿ, ಫೋಟೋ ತೆಗೆದು, ಅವನಿಂದ ತೆಗೆದು ನನಗೆ ಹೊದಿಸಿ, ನನ್ನಿಂದ ತೆಗೆದು ಇನ್ನು ಆರು ಜನಕ್ಕೆ ಹೊದಿಸಿದರು. ಮಾಸ್ಕು ಎಲ್ಲರ ಗಲ್ಲಕ್ಕೂ ಇತ್ತು. ವಾಮದೇವಪ್ಪ ಕೆಮ್ಮುತ್ತಿದ್ದ. ಮಂಡಕ್ಕಿ ಜೊತೆ ತಿಂದ ಮೆಣಸಿನಕಾಯಿ ಗಂಟಲಿಗೆ ಹತ್ತಿದೆ ಎಂದು ತಾನೇ ಹೇಳಿಕೊಂಡ. ಪೇಡೆಯನ್ನು ಅರ್ಧ ತಾನು ಕಚ್ಚಿ ಉಳಿದರ್ಧವನ್ನು ಖಲೀಲನ ಬಾಯಿಗಿಟ್ಟ. ಫೋಟೋಗ್ರಾಫರ್ ಕಣ್ಣು ಮುಚ್ಚಿದ್ದೀರಿ ಎಂದು ಹೇಳಿ ಇನ್ನೂ ಎರಡು ಸಲ ಇಡಿಸಿದ.

ಸುದ್ದಿ ಹರಿಹರಕ್ಕೆ ಹೋಗಲು ಬಸ್ಸು ಬೇಕಾಗಲಿಲ್ಲ. ಖಲೀಲ ಮೂಲದಲ್ಲಿ ಹರಿಹರ ತಾಲ್ಲೂಕಿನವನು, ದಾವಣಗೆರೆಯವರು ಅವನನ್ನು ಮೊದಲು ಸನ್ಮಾನಿಸಿದ್ದು ಹರಿಹರಕ್ಕೆ ಅವಮಾನ ಎಂದು ಒಬ್ಬರಿಗೆ ಹೊಳೆಯಿತು. ಹೊಳೆದದ್ದು ಕಬ್ಬಿಣದ ಅಂಗಡಿಯ ಪರಮೇಶ್ವರಪ್ಪನಿಗೆ. ಮಾರನೆಯ ದಿನ ಕಾರು ಕಳಿಸಿ ಕರೆಸಿಕೊಂಡ. ವೇದಿಕೆಯಲ್ಲಿ ಖಲೀಲನ ಕೈಹಿಡಿದು ಎತ್ತಿ, ಈ ಕಣ್ಣನ್ನು ಮೊಟ್ಟಮೊದಲು ಗುರುತಿಸಿದವನು ತಾನೇ ಎಂದ. ಅದು ಸುಳ್ಳೂ ಅಲ್ಲ. ವಾಪಸ್ ಕಳಿಸಲು ಕಾರು ಇರಲಿಲ್ಲ; ಆಟೋ ಹಿಡಿದು ಬರುವ ದಾರಿಯಲ್ಲಿ ಗಾದಿ ಹೊಲಿಯುವವರ ಸಂಘದವರು ಬಿಡಲಿಲ್ಲ. ಬೇರೆಯವರ ಪೇಡೆ ತಿಂದು ನಮ್ಮದನ್ನು ಒಲ್ಲೆ ಅನ್ನುತ್ತೀಯಾ ಎಂದು ಕೇಳಿದರು. ಕೊನೆಗೆ ಮನೆಯ ತಿರುವಿನಲ್ಲಿ ಆಟೋ ಸ್ಟ್ಯಾಂಡಿನವರು, ಅವನು ಆಟೋದಿಂದ ಇಳಿಯುವಷ್ಟರಲ್ಲೇ ಹಾರ ಹಾಕಿ ಬಾಯಿ ಸಿಹಿ ಮಾಡಿದರು.

ಶುಕ್ರವಾರ ಮೂಗಿಗೆ ಕಡ್ಡಿ ಹಾಕಿಸಿದ. ಶನಿವಾರ ಮಧ್ಯಾಹ್ನ ಸಾಯಿಮಾಳ ಫೋನಿಗೆ ಫಲಿತಾಂಶ ಬಂತು: ಪಾಸಿಟಿವ್. ಸೋಮವಾರದ ವಿಮಾನ ಅವನನ್ನು ಬಿಟ್ಟು ಹಾರಿತು.

ಅದೇ ವಾರ ವಾಮದೇವಪ್ಪ ಮಲಗಿದ. ಫೋಟೋಗ್ರಾಫರ್ ಮಲಗಿದ. ನನಗೂ ಮೂರು ದಿನ ಜ್ವರ ಬಂತು; ಶಾಲು ನನ್ನ ಹೆಗಲಿನ ಮೇಲೆ ಇದ್ದದ್ದು ಅರ್ಧ ನಿಮಿಷ. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ, ಆ ಸಲದ ರೋಗ ಅಷ್ಟು ಕರುಣೆ ತೋರಿಸಿತು. ಆದರೆ ಖಲೀಲನ ಮನೆಯ ಮುಂದೆ ಹಾಯುವವರು ಮೂಗು ಮುಚ್ಚಿಕೊಂಡು ಆಚೆ ಬದಿಗೆ ಸರಿದು ನಡೆದರು. ಅವನ ಬಾಯಿಗೆ ಪೇಡೆ ಇಟ್ಟ ಆಟೋ ಸ್ಟ್ಯಾಂಡಿನವರೇ ಎಲ್ಲರಿಗಿಂತ ಹೆಚ್ಚು ಸರಿದರು. ಫೇಸ್‌ಬುಕ್ಕಿನಲ್ಲಿದ್ದ ಸನ್ಮಾನದ ಫೋಟೋಗಳನ್ನು ವಾಮದೇವಪ್ಪ ಹಾಸಿಗೆಯಲ್ಲಿ ಮಲಗಿಕೊಂಡೇ ಅಳಿಸಿದ.

ಖಲೀಲ ಮೇಲಿನ ಕೋಣೆಯಲ್ಲಿ ಮೂಟೆಗೆ ಒರಗಿ, ಸಾಯಿಮಾ ಬಾಗಿಲಲ್ಲಿಟ್ಟು ಹೋದ ಫೋನಿನಲ್ಲಿ ಆ ಪಂದ್ಯ ನೋಡಿದ. ಪ್ರೇಕ್ಷಕರೇ ಇರಲಿಲ್ಲವಂತೆ. ಹದಿನಾರು ತಂಡಗಳಲ್ಲಿ ಒಂಬತ್ತು ಬಂದಿದ್ದವಂತೆ. ಗೆರೆ ಕಾಯಲು ಅಲ್ಲಿಯವರನ್ನೇ ನಿಲ್ಲಿಸಿದ್ದರು. ಮೂರನೆಯ ದಿನ ಒಬ್ಬ ಹೊರಗೆ ಬಿದ್ದ ಚೆಂಡನ್ನು ಒಳಗೆ ಎಂದನಂತೆ. ಮೇಲಿನ ಕೋಣೆಯಿಂದ ಕೂಗು ಕೇಳಿ ಮುಮ್ತಾಜ್ ಏನಾಯಿತೋ ಎಂದು ಮೆಟ್ಟಿಲು ಹತ್ತಿ ಓಡಿದಳು. ಅವನು ಆ ಚೆಂಡಿನ ಬಗ್ಗೆಯೇ ಹೇಳಿದ.

ಫೆಬ್ರವರಿಯ ಮೊದಲ ವಾರ ಸಂಘಟಕರಿಂದ ಮೇಲ್ ಬಂತು. ಬೈದಿರಲಿಲ್ಲ. ಒಂದೇ ಒಂದು ಪ್ರಶ್ನೆ ಇತ್ತು: ಮುಚ್ಚಳಿಕೆಯಂತೆ ಹತ್ತು ದಿನವೂ ಮನೆಯೊಳಗೇ ಇದ್ದಿರಾ? ಇದ್ದೂ ರೋಗ ಬಂದಿದ್ದರೆ ಅದು ನಿಮ್ಮ ತಪ್ಪಲ್ಲ, ಮೇ ತಿಂಗಳ ಪಂದ್ಯಕ್ಕೆ ನಿಮ್ಮನ್ನೇ ಕರೆಯುತ್ತೇವೆ. ಇರದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ನಡೆದದ್ದನ್ನು ಬರೆದು ತಿಳಿಸಿ.

ಮೇ ತಿಂಗಳು. ಜೂನ್ ಒಂದಕ್ಕೆ ಮೂರು ವಾರ ಮುಂಚೆ. ಹೌದು ಎಂದು ಬರೆದರೆ ಸಾಕು, ಬಾವುಟ ಕೈಗೆ ಬರುತ್ತದೆ.

ಅದು ಹೇಗೋ ವಾಮದೇವಪ್ಪನ ಕಿವಿಗೆ ಬಿತ್ತು. ನನ್ನ ಮಾತನ್ನು ಖಲೀಲ ತೆಗೆದುಹಾಕುವುದಿಲ್ಲವೆಂದು ನನ್ನನ್ನೂ ಕರೆದುಕೊಂಡು ಹೋದ. ಈ ಸಲ ಹಾರ ಇರಲಿಲ್ಲ. ಖಲೀಲ ಕೆಳಗೆ ಅಂಗಡಿಯಲ್ಲಿ ಗಾದಿಯ ಬಟ್ಟೆ ಹಾಸಿಕೊಂಡು ಕೂತಿದ್ದ, ಸಾಯಿಮಾ ಪಕ್ಕದಲ್ಲಿ ಕಾಲೇಜಿನ ಲ್ಯಾಪ್‌ಟಾಪ್ ತೆರೆದಿದ್ದಳು, ಮುಮ್ತಾಜ್ ಒಳಬಾಗಿಲಿಗೆ ಒರಗಿ ಅಕ್ಕಿ ಆರಿಸುತ್ತಿದ್ದಳು. ಎರಡು ವಾರದಿಂದ ಅವಳು ಗಂಡನಿಗೆ ದಿನಕ್ಕೊಮ್ಮೆ, ನಾನು ಹೇಳಿರಲಿಲ್ವಾ ಎನ್ನುತ್ತಿದ್ದಳು. ಅವನು ದಿನಕ್ಕೊಮ್ಮೆ ಹೌದು ಎನ್ನುತ್ತಿದ್ದ.

ವಾಮದೇವಪ್ಪನಿಗೆ ಇದ್ದದ್ದು ಒಂದೇ ಭಯ. ಸಮಾರಂಭ ಕೂಡದು ಎಂದ ದಿನಗಳಲ್ಲಿ ಸಮಾರಂಭ ಮಾಡಿದ್ದು ಪರದೇಶದ ಕಾಗದದಲ್ಲಿ ದಾಖಲಾದರೆ, ಅಲ್ಲಿಂದ ಇಲ್ಲಿಯ ಡಿಸಿ ಆಫೀಸಿಗೆ ಬಂದು ಅಂಗಡಿಗೆ ಬೀಗ ಬೀಳುತ್ತದೆ ಎಂದು ಅವನು ನಂಬಿದ್ದ. ಥಾಯ್ಲೆಂಡಿಗೆ ಅವನ ಅಂಗಡಿಯ ಮೇಲೆ ಅಷ್ಟು ಆಸಕ್ತಿ ಇರಬಹುದೆಂದು ಅವನಿಗೆ ಅನ್ನಿಸಿತ್ತು.

"ನಿಮ್ಮೋರ ಯಾರ್ದೋ ಮದ್ವಿಗೆ ಹರಿಹರಕ್ಕೆ ಹೋಗಿದ್ದೆ, ಅಲ್ಲಿ ಹತ್ತಿಕೊಳ್ತು ಅಂತ ಬರೆದುಬಿಡು ಖಲೀಲಣ್ಣ" ಎಂದ. "ನಿಮ್ಮಲ್ಲಿ ಮದ್ವಿ ಇದ್ದೇ ಇರ್ತಾವಲ್ಲ."

ಮುಮ್ತಾಜ್ ಮೊರದಿಂದ ಕಣ್ಣೆತ್ತಲಿಲ್ಲ.

"ಮೊದಲನೇ ವರ್ಷ ರೋಗ ನಮ್ಮೋರೇ ತಂದ್ರು ಅಂತ ನಮ್ಮ ಅಂಗಡಿ ಮೆಟ್ಟಿಲು ಹತ್ತಲಿಲ್ಲ ನೀವು. ಮೂರನೇ ವರ್ಷ ನೀವೇ ಪೇಡೆಯಾಗೆ ಇಟ್ಟು ತಿನ್ನಿಸಿದ್ರಿ. ಈಗ ಅದನ್ನೂ ನಮ್ಮ ಮದ್ವಿ ತಲೆ ಮ್ಯಾಲೆ ಹಾಕ್ರಿ ಅಣ್ಣಾರೆ."

ಬಟ್ಟೆ ಅಂಗಡಿಯಲ್ಲಿ ನಲವತ್ತು ಥಾನು ಬಿಚ್ಚಿಸಿ ಏನೂ ಕೊಳ್ಳದೆ ಎದ್ದು ಹೋಗುವ ಗಿರಾಕಿಗಳಿಗೂ ಮಾತಿನಲ್ಲಿ ಸೋಲದ ಮನುಷ್ಯ ವಾಮದೇವಪ್ಪ. ಈಗ ನನ್ನ ಮುಖ ನೋಡಿದ. ಸುಳ್ಳು ಹೇಳಬಾರದು, ನಾನೂ ಬಾಯಿ ಹಾಕಿದೆ. ಯಾವ ಮದುವೆಯೂ ಬೇಡ, ಹತ್ತು ದಿನ ಮನೆಯಲ್ಲೇ ಇದ್ದೆ ಎಂದು ಬರಿ, ಅವರು ಬಂದು ನೋಡಿದ್ದಾರೆಯೇ, ಫೋಟೋಗಳನ್ನೂ ಅಳಿಸಿಯಾಗಿದೆ, ಮೇ ತಿಂಗಳಿಗೆ ಹೋಗಿ ಬಾ ಎಂದೆ. ಅವನ ಒಳ್ಳೆಯದಕ್ಕೇ ಹೇಳಿದೆ. ಆ ಹಾಲಿನಲ್ಲಿ ಮುಕ್ಕಾಲು ತಾಸು ಮಾತಾಡಿದ್ದು ನಾನು ಎಂಬುದೂ ಮನಸ್ಸಿನಲ್ಲಿ ಇಲ್ಲದೆ ಇರಲಿಲ್ಲ.

ಖಲೀಲ ದಬ್ಬಣಕ್ಕೆ ದಾರ ಏರಿಸಿ, ಗಂಟು ಹಾಕಿ, ಪಕ್ಕಕ್ಕಿಟ್ಟ. ಬರಿ ಎಂದು ಮಗಳಿಗೆ ಹೇಳಿದ.

"ಹತ್ತು ದಿನ ಮನೇಲಿ ಇರ್ತೀನಿ ಅಂತ ಸಹಿ ಮಾಡಿದ್ದೆ. ಐದು ದಿನ ಇದ್ದೆ. ಆಮೇಲೆ ಇರ್ಲಿಲ್ಲ. ಸನ್ಮಾನಕ್ಕೆ ಹೋಗಿದ್ದೆ. ಯಾರೂ ಎಳಕೊಂಡು ಹೋಗ್ಲಿಲ್ಲ, ನನ್ನ ಕಾಲಾಗೇ ಹೋದೆ."

ಸಾಯಿಮಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಒಮ್ಮೆ ಬಾಯಲ್ಲೇ ಹೇಳಿಕೊಂಡಳು. ಆಮೇಲೆ ಟಪಟಪ ಬರೆದಳು.

"ನನ್ನ ಹೆಸರು?" ಎಂದ ವಾಮದೇವಪ್ಪ.

"ಚೆಂಡು ಎಲ್ಲಿ ಬಿತ್ತು ಅನ್ನೋದಷ್ಟೇ ನನ್ನ ಕೆಲಸ ಸಾವ್ಕಾರ್ರೆ. ಯಾರು ಹೊಡೆದ್ರು ಅಂತ ನಾನು ಹೇಳಂಗಿಲ್ಲ."

ವಾಮದೇವಪ್ಪ ಉಸಿರು ಬಿಟ್ಟು ಗೋಡೆಗೆ ಒರಗಿದ. ಅವನ ಮಟ್ಟಿಗೆ ವಿಷಯ ಮುಗಿದಿತ್ತು. ಅಷ್ಟರಲ್ಲಿ ಮಗಳು ಬರೆಯುವುದನ್ನು ನಿಲ್ಲಿಸಿ ಕೇಳಿದಳು.

"ಎಷ್ಟು ಸನ್ಮಾನ ಅಂತ ಹಾಕ್ಲಿ ಅಬ್ಬಾ? ಮೂರಾ, ನಾಕಾ?"

ಖಲೀಲ ಯೋಚನೆಗೆ ಬಿದ್ದ. ಅಲ್ಲಿಯವರೆಗೆ ಅವನ ಮುಖದಲ್ಲಿ ಇರದಿದ್ದ ಕಳವಳ ಈಗ ಕಂಡಿತು.

"ಆಟೋ ಸ್ಟ್ಯಾಂಡಿನಾಗೆ ನನ್ನ ಒಂದು ಕಾಲು ಆಟೋ ಒಳಗೇ ಇತ್ತು."

"ಇನ್ನೊಂದು?"

"ನೆಲದ ಮ್ಯಾಲೆ."

"ಅದನ್ಯಾರು ಸನ್ಮಾನ ಅಂತಾರೆ ಮಾರಾಯ" ಎಂದ ವಾಮದೇವಪ್ಪ. ನಿಂತಲ್ಲೇ ಹಾರ ಹಾಕಿದ್ದು ತನ್ನ ಸಿಂಹಾಸನದ ಸನ್ಮಾನದ ಜೊತೆ ಒಂದೇ ಸಾಲಿನಲ್ಲಿ ಕೂರುವುದನ್ನು ಅವನು ಸಹಿಸಲಿಲ್ಲ. "ಅದು ಲೆಕ್ಕಕ್ಕಿಲ್ಲ, ಬಿಡು."

"ಚೆಂಡು ಗೆರೆಗೆ ಕೂದಲೆಳೆಯಷ್ಟು ತಾಗಿದ್ರೂ ಅದು ಒಳಗೇ" ಎಂದ ಖಲೀಲ. "ನಾಕು ಅಂತ ಬರಿ."

ನಾಕು ಎಂದು ಬರೆದಳು. ಕಳಿಸಿದಳು.

ಹೊರಗೆ ಬಂದ ಮೇಲೆ ವಾಮದೇವಪ್ಪ ನನ್ನೊಡನೆ ಬೀದಿಯ ತುದಿಯವರೆಗೂ ಮಾತಾಡುತ್ತಾ ನಡೆದ. ಇಂಥ ಹುಂಬನನ್ನು ತಾನು ಕಂಡೇ ಇಲ್ಲ, ಕೈಗೆ ಬಂದದ್ದನ್ನು ಕಾಲಲ್ಲಿ ಒದ್ದ, ನಮ್ಮ ಊರಿಗೆ ಬರಬೇಕಿದ್ದ ಹೆಸರನ್ನೂ ಕಳೆದ ಎಂದ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ಹೋಗಿ ಬಂದ ಮೇಲಿನ ಸನ್ಮಾನಕ್ಕೆ ಅವನು ಆಗಲೇ ಬ್ಯಾನರು ಬರೆಸಲು ಹೇಳಿದ್ದನಂತೆ. ಆ ಬ್ಯಾನರನ್ನು ಈಗ ಏನು ಮಾಡುವುದು ಎಂದು ನನ್ನನ್ನೇ ಕೇಳಿದ. ನಾನು ಮನೆಯ ಕಡೆ ತಿರುಗಿದೆ.

ನಾಲ್ಕನೆಯ ದಿನ ಸಂಘಟಕರ ಉತ್ತರ ಬಂತು. ಎರಡೇ ಸಾಲು. ಪ್ರಾಮಾಣಿಕವಾಗಿ ತಿಳಿಸಿದ್ದಕ್ಕೆ ವಂದನೆಗಳು. ನಿಯಮದಂತೆ ನಿಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಲಾಗಿದೆ. ಲೋಕದ ಎಲ್ಲ ಕಚೇರಿಗಳೂ ಹೀಗೆಯೇ: ಬೆನ್ನು ತಟ್ಟುತ್ತಾ ಬಾಗಿಲ ಕಡೆಗೆ ತಳ್ಳುತ್ತವೆ.

ಅವತ್ತು ಖಲೀಲನಿಗೆ ಕೈತುಂಬ ಕೆಲಸ. ವಿದ್ಯಾನಗರದ ಹಾಸ್ಟೆಲುಗಳು ಮತ್ತೆ ತೆರೆಯುತ್ತಿದ್ದವು, ಒಂದೇ ಸಲ ಇಪ್ಪತ್ತು ಗಾದಿ ಕೇಳಿದ್ದರು. ನಾನು ನನ್ನ ದಿಂಬಿಗೆ ಅರಳೆ ತುಂಬಿಸಲು ಹೋದ ನೆಪದಲ್ಲಿ ಅಲ್ಲೇ ಇದ್ದೆ. ಸಾಯಿಮಾ ಆ ಎರಡು ಸಾಲನ್ನು ಮೊದಲು ಇಂಗ್ಲಿಷಿನಲ್ಲಿ ಓದಿ, ಆಮೇಲೆ ತಾಯಿಗೆ ತಿಳಿಯುವಂತೆ ಹೇಳಿದಳು. ಮುಮ್ತಾಜ್ ಇನ್ನೊಮ್ಮೆ ಹೇಳಿಸಿದಳು.

"ಇಷ್ಟೇನಾ?" ಎಂದಳು.

"ಇಷ್ಟೇ ಅಮ್ಮಿ."

ಹೇಳಿರಲಿಲ್ವಾ ಎಂಬ ಆ ದಿನದ ಮಾತಿಗೆ ನಾನು ಕಾದೆ. ಖಲೀಲನೂ ಕಾದ, ಹೌದು ಎನ್ನಲು ತಯಾರಾಗಿ ಕತ್ತೆತ್ತಿದ್ದ. ಅವಳು ಕೈಯಲ್ಲಿದ್ದ ಮೊರವನ್ನು ಒಳಗಿಟ್ಟು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನೆದುರು ಕೂತು, ಗಾದಿಯ ಬಟ್ಟೆಯ ಆಚೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಳು.

"ಹೊಲೀರಿ. ನಾಳೆ ಹತ್ತು ಗಂಟೆಗೆ ಹಾಸ್ಟೆಲ್ ಗಾಡಿ ಬರ್ತೈತೆ" ಎಂದಳು.